ವಾಪಸ್ ಬಂದ ನಿಂಬೆಹಣ್ಣು

ನನ್ನ ಮೊಮ್ಮಗಳಿಗೆ ಖಾಯಂ ಆಯಿತು. ನಿನ್ನೆ ಮಧ್ಯಾಹ್ನ. ಸರ್ಕಾರಿ ಸ್ಕೂಲಿನಲ್ಲಿ ಟೀಚರ್ ಕೆಲಸ, ಖಾಯಂ. ಇನ್ನೊಂದು ಸಲ ಬರೆಯುತ್ತೇನೆ, ಯಾರೂ ಬೇಡ ಅನ್ನುವುದಿಲ್ಲ: ನನ್ನ ಮೊಮ್ಮಗಳಿಗೆ ಖಾಯಂ ಆಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಅಕ್ಷರ ದಪ್ಪ, ಒತ್ತು ಬೀಳಬೇಕಾದ ಕಡೆ ಬೀಳುವುದಿಲ್ಲ. ಆದರೂ ಇವತ್ತು ಬೆಳಿಗ್ಗೆ ಎದ್ದವನೇ ಕಾಗದ ತೆಗೆದುಕೊಂಡು ಕೂತೆ. ಎದೆಯೊಳಗೆ ಹಾಲುಕ್ಕಿದ ಹಾಗೆ ಉಕ್ಕುತ್ತಿದೆ, ಎಲ್ಲಿ ಇಳಿಸಲಿ ಗೊತ್ತಾಗುತ್ತಿಲ್ಲ.

ಅವಳು ಸ್ಕೂಲಿನಿಂದ ಬಂದವಳು ಶೂ ಬಿಚ್ಚದೆ ನೇರ ಒಳಗೆ ಬಂದಳು. ನಮ್ಮ ಮನೆಯಲ್ಲಿ ಶೂ ಹಾಕಿಕೊಂಡು ಹೊಸಿಲು ದಾಟುವವರಿಲ್ಲ. ಅದರಲ್ಲೇ ನನಗೆ ಅರ್ಧ ಗೊತ್ತಾಯಿತು.

"ತಾತ," ಅಂದಳು. "ಪರ್ಮನೆಂಟ್."

"ಕನ್ನಡದಲ್ಲಿ ಹೇಳು ಮಗ."

"ಕಾಯಮ್."

ಅವಳು ಹುಟ್ಟಿದ್ದು ಈ ದೇಶದಲ್ಲೇ, ಪರ್ತ್‌ನಲ್ಲಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಖಾಯಂ ಅನ್ನುವ ಮಾತನ್ನು ನನ್ನ ಬಾಯಿಂದಲೇ ಕಲಿತವಳು. ಆ 'ಖ' ಅವಳ ನಾಲಿಗೆಗೆ ಹೊರಳುವುದಿಲ್ಲ. ನಿಜ ಹೇಳಬೇಕೆಂದರೆ ನನ್ನ ನಾಲಿಗೆಗೂ ಹೊರಳುವುದಿಲ್ಲ, ಬರೆಯುವಾಗ ಮಾತ್ರ ಹಾಕುತ್ತೇನೆ.

ಒಂದು ಕೆಲಸ ಸಿಕ್ಕಿದ್ದಕ್ಕೆ ಮುದುಕ ಯಾಕಿಷ್ಟು ಕುಣಿಯುತ್ತಾನೆ ಅನ್ನಿಸಬಹುದು. ಖಾಯಂ ಅನ್ನುವುದು ಏನು ಅಂತ, ಅದು ಸಿಗದವನನ್ನು ಕೇಳಬೇಕು. ನಾನು ಮಂಡ್ಯದ ಕಡೆ ರಸ್ತೆ ಗ್ಯಾಂಗಿನಲ್ಲಿದ್ದವನು. ಗುಂಡಿ ಮುಚ್ಚುವುದು, ಜಲ್ಲಿ ಹರಡುವುದು, ಡಾಂಬರು ಕಾಯಿಸುವುದು, ರಸ್ತೆ ಬದಿಯ ಮರಗಳಿಗೆ ಸುಣ್ಣ ಬಳಿಯುವುದು. ಮಾಡುತ್ತಿದ್ದುದು ಸರ್ಕಾರದ ಕೆಲಸವೇ, ಆದರೆ ಸರ್ಕಾರಿ ಕೆಲಸ ಅಲ್ಲ. ದಿನಗೂಲಿ. ಈ ಎರಡರ ನಡುವೆ ಒಂದು ಹೊಸಿಲಿದೆ. ಅದನ್ನು ದಾಟುವುದಕ್ಕೆ ನನ್ನ ಆಯಸ್ಸೆಲ್ಲ ಕಾಲೆತ್ತಿಕೊಂಡೇ ನಿಂತಿದ್ದೆ.

ಬಿಡದೆ ಇಷ್ಟು ವರ್ಷ ದುಡಿದವನನ್ನು ಖಾಯಂ ಮಾಡಬೇಕು ಅಂತ ಕಾನೂನಿತ್ತಂತೆ. ಅದಕ್ಕೇ ಅವರು ನಡುನಡುವೆ ಬಿಡಿಸುತ್ತಿದ್ದರು. ಮೇಸ್ತ್ರಿ ಸಂಜೆ ಹತ್ತಿರ ಬಂದು, "ನಾಳೆಯಿಂದ ನಿಂಗೆ ಬ್ರೇಕು ಕಣ್ಲಾ," ಅನ್ನುತ್ತಿದ್ದ. ಒಂದಷ್ಟು ದಿನ ಮನೆಯಲ್ಲಿ ಕೂತು ಜಂತೆ ಎಣಿಸಬೇಕು. ಆಮೇಲೆ ಹೊಸಬನ ಹಾಗೆ ಮತ್ತೆ ಸೇರಿಸಿಕೊಳ್ಳುವರು. ಅದೇ ರಸ್ತೆ, ಅದೇ ಗುಂಡಿ, ಅದೇ ಗುದ್ದಲಿ. ತಲೆ ಬೆಳ್ಳಗಾದರೂ ಕಚೇರಿಯವರ ಪಾಲಿಗೆ ನಾನು ಹೊಸಬ.

ಖಾಯಂ ಮಾಡಿ ಅಂತ ಅರ್ಜಿ ಹಾಕುತ್ತಿದ್ದೆ. ತಾಲ್ಲೂಕು ಕಚೇರಿ ಮುಂದೆ ಹುಣಸೆಮರದ ಕೆಳಗೆ ಅರ್ಜಿ ಬರೆದುಕೊಡುವವನೊಬ್ಬ ಕೂರುತ್ತಿದ್ದ. ನಮ್ಮಂಥವರ ಕಷ್ಟವನ್ನು ನಮಗಿಂತ ಚೆನ್ನಾಗಿ ಬರೆಯುತ್ತಿದ್ದ.

"ಮಕ್ಕಳೆಷ್ಟು?" ಅಂತ ಮೊದಲನೇ ಸಲ ಕೇಳಿದ.

ಒಬ್ಬಳೇ ಮಗಳು ಅಂದೆ.

"ಒಬ್ಬಳನ್ನ ಸಾಕೋಕೆ ಖಾಯಂ ಯಾಕಯ್ಯಾ ಬೇಕು? ನಾಲ್ಕು ಅಂತ ಹಾಕ್ತೀನಿ. ಅಪ್ಪ ಇದಾರಾ?"

"ಇದಾರೆ ಸ್ವಾಮಿ, ಗಟ್ಟಿಮುಟ್ಟಾಗಿದಾರೆ."

"ಹಾಸಿಗೆ ಹಿಡಿದಿದಾರೆ ಅಂತ ಹಾಕ್ತೀನಿ."

ಕೊನೆಯ ಸಾಲು ಎಲ್ಲರಿಗೂ ಒಂದೇ: ಪಾದಸೇವಕನಾದ ನನ್ನ ಮೇಲೆ ಕೃಪೆ ತೋರಿದಲ್ಲಿ ನಾನೂ ನನ್ನ ಮಕ್ಕಳೂ ಜೀವ ಇರುವವರೆಗೆ ತಮ್ಮ ಹೆಸರಿನಲ್ಲಿ ದೀಪ ಹಚ್ಚುತ್ತೇವೆ. ನಾನು ಮನೆಗೆ ಬಂದು ಹೇಳಿದಾಗ ನಮ್ಮಪ್ಪ ಬಾಯಿಂದ ಎಲೆಯಡಿಕೆ ಉಗಿದು, "ನನ್ನನ್ನ ಮಲಗಿಸೋಕೆ ಅವನಿಗೆ ಎಷ್ಟು ಕೊಟ್ಟೆ?" ಅಂತ ಕೇಳಿದರು. ಅವತ್ತು ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅರ್ಜಿಯನ್ನು ಬರಿಗೈಯಲ್ಲಿ ಕೊಡುವ ಹಾಗಿರಲಿಲ್ಲ. ನಮ್ಮ ಕಡೆ ದೊಡ್ಡವರನ್ನು ಕಾಣಲು ಹೋಗುವಾಗ ಕೈಯಲ್ಲಿ ಒಂದು ನಿಂಬೆಹಣ್ಣಿರಬೇಕು. ಲಂಚ ಅಲ್ಲ ಅದು. ಲಂಚ ಕೊಡುವ ತಾಕತ್ತಿದ್ದವರು ಹಿಂದಿನ ಬಾಗಿಲಲ್ಲಿ ಹೋಗಿ ಖಾಯಂ ಆಗಿ ಬರುತ್ತಿದ್ದರು. ನಿಂಬೆಹಣ್ಣು ಮರ್ಯಾದೆಗೆ. ಇಂಜಿನಿಯರ್ ಸಾಹೇಬರ ಮುಂದೆ ಸೊಂಟ ಬಗ್ಗಿಸಿ, "ಬುದ್ಧೀ," ಅಂತ ಎರಡೂ ಕೈಯಲ್ಲಿ ಹಣ್ಣು ಕೊಡುತ್ತಿದ್ದೆ. ಅವರು ತೆಗೆದುಕೊಳ್ಳುತ್ತಿದ್ದರು. ಯಾವ ಸಾಹೇಬರೂ ನನ್ನ ಹಣ್ಣನ್ನು ಬೇಡ ಅಂದಿದ್ದಿಲ್ಲ. ನನ್ನ ಮುಖ ನೋಡಿದವರೂ ಇಲ್ಲ. ಹಣ್ಣು ಮೇಜಿನ ಮೇಲೆ ಉಳಿಯುತ್ತಿತ್ತು, ಅರ್ಜಿ ಗುಮಾಸ್ತನ ಕೈಗೆ ಹೋಗುತ್ತಿತ್ತು. ಗುಮಾಸ್ತ ಹೇಳುತ್ತಿದ್ದುದು ಒಂದೇ ಮಾತು, "ಪರಿಶೀಲನೆಯಲ್ಲಿದೆ."

ನಮ್ಮವಳು ಬಾಗಿಲಲ್ಲಿ ಕಾಯುತ್ತಿದ್ದಳು. "ಆಯ್ತಾ?" ಅನ್ನುವಳು. ಪರಿಶೀಲನೆಯಲ್ಲಿದೆಯಂತೆ ಅನ್ನುವೆ. ಬರಬರುತ್ತಾ ಅದು ಮನೆಯೊಳಗಿನ ಮಾತಾಯಿತು. ಇನ್ನೊಂದು ಮುದ್ದೆ ಹಾಕು ಅಂದರೆ, ಸೌಟು ಹಿಡಿದುಕೊಂಡು, "ಪರಿಶೀಲನೆಯಲ್ಲಿದೆ," ಅನ್ನುತ್ತಿದ್ದಳು. ನಗುತ್ತಿದ್ದೆವು. ನಗದೆ ಏನು ಮಾಡುವುದು. ಒಂದು ದಿನ ಹೊಸ ಮೇಸ್ತ್ರಿ, ನನ್ನ ಮಗನಾಗುವಷ್ಟು ವಯಸ್ಸಿನವನು, "ವಯಸ್ಸಾಯ್ತಲ್ಲ ಯಜಮಾನ್ರೇ, ನಾಳೆಯಿಂದ ಬರಬೇಡಿ," ಅಂದ. ಈ ಸಲ ಬ್ರೇಕು ಅಂತಲೂ ಅನ್ನಲಿಲ್ಲ. ಪಿಂಚಣಿ ಇಲ್ಲ, ಹಾರ ಇಲ್ಲ. ಗುದ್ದಲಿ ಅವರದೇ, ಅಲ್ಲೇ ಒರಗಿಸಿ ಬಂದೆ. ಅದಾದ ಮೇಲೂ ನಮ್ಮವಳು ಎಷ್ಟೋ ದಿನ, ಪೋಸ್ಟ್‌ಮ್ಯಾನ್ ಬೀದಿಯಲ್ಲಿ ಬಂದರೆ ಸೆರಗಿಗೆ ಕೈ ಒರಸಿಕೊಂಡು ಹೊರಗೆ ಬರುತ್ತಿದ್ದಳು. ಅವಳು ಹೋದದ್ದು ಹಾಗೆ ಕಾಯುತ್ತಲೇ.

ಅವಳು ಹೋದ ಮೇಲೆ ಮಗಳು ನನ್ನನ್ನು ಪರ್ತ್‌ಗೆ ಕರೆಸಿಕೊಂಡಳು. ಮಗಳು ನರ್ಸು, ವೃದ್ಧಾಶ್ರಮದಲ್ಲಿ ಕೆಲಸ. ಅಳಿಯ ಗೋಡೌನಿನಲ್ಲಿ. ಮೊಮ್ಮಗಳು ಆಗತಾನೇ ಟೀಚರ್ ಓದು ಮುಗಿಸಿದ್ದಳು. ಇದು ದೊಡ್ಡ ದೇಶ, ಓದಿದವರನ್ನು ಸರ್ಕಾರವೇ ಕರೆದು ಕೂರಿಸುತ್ತದೆ ಅಂದುಕೊಂಡಿದ್ದೆ. ಎಲ್ಲಿ? ಯಾವುದೋ ಸ್ಕೂಲಿನಲ್ಲಿ ಯಾರೋ ಟೀಚರಿಗೆ ಜ್ವರ ಬಂದರೆ ಬೆಳಿಗ್ಗೆ ಇವಳಿಗೆ ಫೋನು ಬರುತ್ತದೆ, ಆ ಒಂದು ದಿನ ಹೋಗಬೇಕು. ಜ್ವರ ಬರದಿದ್ದರೆ ಇಲ್ಲ. ಹುಡುಗಿ ಸ್ನಾನ ಮಾಡಿ, ತಲೆ ಬಾಚಿಕೊಂಡು, ಫೋನ್ ಮುಂದಿಟ್ಟುಕೊಂಡು ಕೂರುವಳು. ಮಂಡ್ಯದ ಸರ್ಕಲ್ಲಿನಲ್ಲಿ ಬುತ್ತಿ ಕಟ್ಟಿಕೊಂಡು ಕೂಲಿಗೆ ನಿಲ್ಲುವವರನ್ನು ನೋಡಿದ್ದೆ. ಇವಳು ಸೋಫಾದ ಮೇಲೆ ಕೂತಿದ್ದಾಳೆ, ಅಷ್ಟೇ ವ್ಯತ್ಯಾಸ.

ಅಳಿಯನ ಗೋಡೌನು ಮುಚ್ಚಿತು. ಬ್ರಿಸ್ಬೇನ್‌ಗೆ ಬಂದೆವು, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಬಾಡಿಗೆ ಮನೆ. ಬೇರೆ ರಾಜ್ಯ ಅಂತ ಮೊಮ್ಮಗಳು ಎಲ್ಲ ಕಾಗದ ಪತ್ರ ಮತ್ತೆ ಮೊದಲಿಂದ ಕೊಡಬೇಕಾಯಿತು. ಮನೆಗೆ ಹತ್ತಿರದ ಸ್ಕೂಲಿನಲ್ಲಿ ಕಾಂಟ್ರಾಕ್ಟ್ ಸಿಕ್ಕಿತು. ಡಿಸೆಂಬರ್‌ನಲ್ಲಿ ಮುಗಿಯುತ್ತದೆ, ಬೇಸಿಗೆ ರಜ ಕಳೆದ ಮೇಲೆ ಬೇಕಾದರೆ ಮತ್ತೆ ಕರೆಯುತ್ತಾರೆ ಅಂದಳು.

"ಬ್ರೇಕು," ಅಂದೆ.

"ನೋ ತಾತ, ಇಟ್ಸ್ ಜಸ್ಟ್ ದ ಹಾಲಿಡೇಸ್."

"ಖಾಯಂ ಟೀಚರುಗಳಿಗೆ ರಜದಲ್ಲಿ ಸಂಬಳ ಬರುತ್ತಾ?"

ಆ ರಜವೆಲ್ಲ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿದಳು. ಇಲ್ಲಿಯವರು ಅದಕ್ಕೆ ಸರ್ವೋ ಅನ್ನುತ್ತಾರೆ. ಎಂಥ ಚಂದದ ಹೆಸರಿಟ್ಟರೂ ಪೆಟ್ರೋಲಿನ ವಾಸನೆ ಮನೆಗೆ ಬರುತ್ತಿತ್ತು.

ಖಾಯಂ ಕೆಲಸಕ್ಕೆ ಅರ್ಜಿ ಕರೆದಾಗ ಅವಳು ಬರೆದದ್ದನ್ನು ಓದಿ ಹೇಳು ಅಂದೆ. ಓದಿದಳು. ನಾನು ಇದರಲ್ಲಿ ನಿಪುಣೆ, ನಾನು ಅದನ್ನು ಸಾಧಿಸಿದ್ದೇನೆ, ನನ್ನಿಂದ ಮಕ್ಕಳು ಮುಂದೆ ಬಂದಿದ್ದಾರೆ. ಉದ್ದಕ್ಕೂ ನಾನು, ನಾನು. ತನ್ನನ್ನು ತಾನೇ ಇಷ್ಟು ಹೊಗಳಿಕೊಂಡರೆ ಯಾರು ಕೆಲಸ ಕೊಡುತ್ತಾರೆ ಅಂದೆ. ಇಲ್ಲಿ ಹಾಗೇ ಬರೀಬೇಕು ತಾತ ಅಂದಳು. ನನಗೆ ಮನಸ್ಸು ತಡೆಯಲಿಲ್ಲ. ಒಬ್ಬ ದೊಡ್ಡವನು ಹೋಗಿ ಮರ್ಯಾದೆಯಿಂದ ಒಂದು ಮಾತು ಹೇಳಿದರೆ ಬೇರೆ ತೂಕ ಅನ್ನಿಸಿತು. ಭಾನುವಾರ ಸನ್ನಿಬ್ಯಾಂಕ್ ಅನ್ನುವ ಬಡಾವಣೆಯ ಅಂಗಡಿಯಲ್ಲಿ ಮಗಳು ಸಾಮಾನು ತೆಗೆದುಕೊಳ್ಳುವಾಗ ಒಂದು ನಿಂಬೆಹಣ್ಣು ಆರಿಸಿ ಇಟ್ಟುಕೊಂಡೆ. ಇಲ್ಲಿಯದು ಕಿತ್ತಳೆಯಷ್ಟು ದಪ್ಪ, ಕೈಯಲ್ಲಿ ಹಿಡಿಯಲು ಘನವಾಗಿತ್ತು.

ಸೋಮವಾರ ಬಿಳಿ ಶರಟು ಹಾಕಿಕೊಂಡು ಸ್ಕೂಲಿಗೆ ನಡೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತನ್ನು ಆಫೀಸಿನ ಹೆಂಗಸಿಗೆ ಒಪ್ಪಿಸಿದೆ. ಗ್ರ್ಯಾಂಡ್ ಡಾಟರ್. ಪರ್ಮನೆಂಟ್. ಪ್ಲೀಸ್. ಅವಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನನ್ನ ಕಾಲದಲ್ಲಿ ಯಾವ ಕಚೇರಿಯಲ್ಲೂ ನಾನು ಕುರ್ಚಿಯ ಮೇಲೆ ಕೂತವನಲ್ಲ, ಎದ್ದು ನಿಂತೇ ಇದ್ದೆ. ಒಳಗಿಂದ ಹೆಡ್ಮೇಡಂ ಬಂದರು. ಸೊಂಟ ಬಗ್ಗಿಸಿ ಹಣ್ಣು ನೀಡಿದೆ. ಅವರು ನನ್ನ ಮುಖವನ್ನೇ ನೋಡಿದರು. ಕೈ ಕುಲುಕಿದರು. ಹಣ್ಣನ್ನು ತೆಗೆದುಕೊಂಡು, ಮತ್ತೆ ನನ್ನ ಅಂಗೈಯಲ್ಲೇ ಇಟ್ಟು ನನ್ನ ಬೆರಳು ಮಡಿಸಿದರು. ಅಷ್ಟರಲ್ಲಿ ಮೊಮ್ಮಗಳು ಬಂದಿದ್ದಳು, ಕೆನ್ನೆ ಕೆಂಪಗೆ. ಅರ್ಜಿ ಇರುವಾಗ ಯಾರ ಕೈಯಿಂದಲೂ ಏನೂ ತಗೊಳ್ಳೋ ಹಾಗಿಲ್ಲವಂತೆ ಅಂತ ತಲೆ ತಗ್ಗಿಸಿ ಹೇಳಿದಳು.

ಸಂಜೆ ಮನೆಯಲ್ಲಿ ಅವಳು ಅಂದದ್ದು, "ಯು ಮೇಡ್ ಮಿ ಲುಕ್ ಲೈಕ್ ಎ ಬೆಗ್ಗರ್, ತಾತ."

ಬೆಗ್ಗರ್ ಅಂದರೆ ಏನು ಅಂತ ಮಗಳನ್ನು ಕೇಳಬೇಕಾಗಿರಲಿಲ್ಲ. ಅವಳ ಮುಖದಲ್ಲೇ ಇತ್ತು. ನಾನು ಒಂದೇ ಮಾತು ಹೇಳಿದೆ, "ಬೇಡಿದವನು ನಾನು ಕಣಮ್ಮ, ನೀನಲ್ಲ." ಅದಕ್ಕೆ ಮಗಳು ಅಡುಗೆಮನೆಯಿಂದಲೇ, "ಅಪ್ಪ, ಇನ್ನು ಇಂಡಿಯಾದಿಂದ ತೆಂಗಿನಕಾಯಿ ತರಿಸಿ ಹೊಡೀತೀರಾ ಸ್ಕೂಲ್ ಮುಂದೆ?" ಅಂದಳು. ಅಳಿಯ ನಕ್ಕ. ನಾನು ನಗಲಿಲ್ಲ. ಕೊಟ್ಟ ಹಣ್ಣನ್ನು ಮನೆಯವರು ತಿನ್ನಬಾರದು. ಕಿಟಕಿಯಲ್ಲಿಟ್ಟೆ. ಅದು ಒಣಗಿ ಒಣಗಿ ಕರ್ರಗೆ ಅಡಿಕೆಯ ಹಾಗಾಯಿತು.

ಕೆಲಸ ಆಗಲಿಲ್ಲ. ಸ್ಕೂಲಿನಲ್ಲಿ ಮಕ್ಕಳು ಕಮ್ಮಿಯಾದರಂತೆ, ಆ ಖಾಯಂ ಜಾಗವನ್ನೇ ತೆಗೆದರಂತೆ, ಅವಳ ಕಾಂಟ್ರಾಕ್ಟೂ ನಿಂತಿತು. ಹೆಡ್ಮೇಡಂ ಬಹಳ ನೊಂದುಕೊಂಡು ಹೇಳಿದರಂತೆ. ನೊಂದುಕೊಂಡು ಹೇಳಿದರೂ ಒರಟಾಗಿ ಹೇಳಿದರೂ ಮನೆಗೆ ಬರುವ ಹುಡುಗಿಯ ಮುಖ ಒಂದೇ.

ಅಡಿಲೇಡ್‌ಗೆ ಬಂದದ್ದು ಅಳಿಯನಿಗೆ ಸ್ಯಾಲಿಸ್‌ಬರಿ ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದಕ್ಕೆ. ಮನೆ ಖಾಲಿ ಮಾಡುವಾಗ ಮಗಳು ಆ ಕರಿ ಹಣ್ಣನ್ನು ಕಸಕ್ಕೆ ಹಾಕಿದಳು. ಮೊಮ್ಮಗಳಿಗೆ ಇಲ್ಲೂ ಮತ್ತೆ ಮೊದಲಿಂದ ಕಾಗದ ಪತ್ರ, ಇಲ್ಲೂ ಕಾಂಟ್ರಾಕ್ಟು, ಇಲ್ಲೂ ಶನಿವಾರ ಭಾನುವಾರ ಸರ್ವೋ. ಹೋದ ವರ್ಷ ಊಟದ ನಡುವೆ ತಟ್ಟೆ ನೋಡಿಕೊಂಡೇ ಹೇಳಿದಳು, ಇನ್ನೊಂದೇ ಸಲ ಹಾಕುತ್ತೇನೆ, ಆಗದಿದ್ದರೆ ಟೀಚರ್ ಕೆಲಸ ಬಿಡುತ್ತೇನೆ ಅಂತ. ಸರ್ವೋದವನು ಅವಳನ್ನು ಮ್ಯಾನೇಜರ್ ಮಾಡುತ್ತೇನೆ ಅಂದಿದ್ದನಂತೆ, ಖಾಯಂ. ನಮ್ಮ ಫ್ರಿಜ್ಜಿನ ಬಾಗಿಲು ಕಾಣದ ಹಾಗೆ ಅವಳ ಕ್ಲಾಸಿನ ಮಕ್ಕಳು ಬರೆದ ಚಿತ್ರಗಳಿವೆ. ಮೂರು ಕಾಲಿನ ಕುದುರೆ, ನೇರಳೆ ಬಣ್ಣದ ಸೂರ್ಯ. ಅವುಗಳಲ್ಲಿ ಒಂದನ್ನೂ ಅವಳು ತೆಗೆಯಲು ಬಿಡುವುದಿಲ್ಲ. ಅಂಥವಳು ಪೆಟ್ರೋಲು ಮಾರುತ್ತೇನೆ ಅಂದಾಗ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುದುಕನಿದ್ದಾನೆ, ಬಿಳಿಯ, ನನ್ನ ವಯಸ್ಸಿನವನೇ. ಅವನ ಹಿತ್ತಲ ನಿಂಬೆಮರ ಬೇಲಿ ದಾಟಿ ನಮ್ಮ ಕಡೆ ಬಾಗಿದೆ. ಹಣ್ಣು ಹೆಚ್ಚಾದಾಗ ಬಕೆಟ್ಟಿನಲ್ಲಿ ತುಂಬಿ ರಸ್ತೆ ಬದಿ ಇಡುತ್ತಾನೆ, ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. ಮೊದಲ ಸಲ ನೋಡಿದಾಗ ನನಗೆ ಸಂಕಟವಾಯಿತು. ಅಷ್ಟು ನಿಂಬೆಹಣ್ಣು, ಒಂದಕ್ಕೂ ಸಾಹೇಬರಿಲ್ಲ.

ನಾನು ರಸ್ತೆ ಕೆಲಸದವನು ಅಂತ ಮೊಮ್ಮಗಳು ಅವನಿಗೆ ಹೇಳಿದ್ದಳು. ಒಂದು ಆರ್ವೋ, ಅಂದರೆ ಮಧ್ಯಾಹ್ನದ ಹೊತ್ತು, ನಮ್ಮಿಬ್ಬರನ್ನೂ ಕರೆದು ಒಂದು ಕಾಗದದ ನಕಲು ತೋರಿಸಿದ. ಅವನ ಮುತ್ತಾತನ ಅಪ್ಪ ಐರ್ಲೆಂಡಿನವನಂತೆ, ನೂರೈವತ್ತು ವರ್ಷಕ್ಕೂ ಹಿಂದಿನ ಮಾತು. ಅವನೂ ರಸ್ತೆಗೆ ಕಲ್ಲು ಒಡೆಯುತ್ತಿದ್ದವನು. ಓದು ಬರಹ ಇಲ್ಲ, ಯಾರ ಕೈಲೋ ಸರ್ಕಾರಕ್ಕೆ ಅರ್ಜಿ ಬರೆಸಿದ್ದಾನೆ. ಮೊಮ್ಮಗಳು ತಡೆದು ತಡೆದು ಕನ್ನಡ ಮಾಡಿ ಹೇಳಿದಳು. ರಸ್ತೆ ಕೆಲಸ ಮಾಡಿದೀನಿ, ಕೂಲಿ ಬಂದಿಲ್ಲ. ಬಡವ, ಹೆಂಡತಿಗೆ ಹುಷಾರಿಲ್ಲ, ಏಳು ಮಕ್ಕಳು ಹಸಿದಿದ್ದಾರೆ. ಕೂಲಿ ಕೊಡಿ, ಇನ್ನೂ ಏನಾದರೂ ಕೆಲಸ ಕೊಡಿ. ಕೊಟ್ಟರೆ ನಿಮಗೋಸ್ಕರ ಯಾವಾಗಲೂ ದೇವರನ್ನ ಬೇಡ್ಕೊತೀನಿ.

ಹುಣಸೆಮರದ ಕೆಳಗಿನವನೇ ಅಲ್ಲೂ ಕೂತಿದ್ದನೇನೋ.

"ಅವನಿಗೆ ನಿಜವಾಗಿ ಮಕ್ಕಳೆಷ್ಟು, ಕೇಳು," ಅಂದೆ.

ಮೊಮ್ಮಗಳು ಕೇಳಿದಳು. ಮುದುಕ ನನ್ನನ್ನು ನೋಡಿ ಹೊಟ್ಟೆ ಅಲುಗಾಡುವ ಹಾಗೆ ನಕ್ಕ. ಆಗ ಹುಟ್ಟಿದ್ದವರು ನಾಲ್ಕೇ ಜನವಂತೆ, ಚರ್ಚಿನಲ್ಲಿ ಹುಡುಕಿಸಿ ತಿಳಿದುಕೊಂಡಿದ್ದಾನೆ. ನನ್ನ ಒಬ್ಬಳು ಮಗಳು ನಾಲ್ಕಾದದ್ದನ್ನೂ, ಹಾಸಿಗೆ ಹಿಡಿದ ನಮ್ಮಪ್ಪನನ್ನೂ ಹೇಳಿಸಿದೆ. ಇಬ್ಬರು ಮುದುಕರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ, ಅವನಿಗೆ ಸಿಕ್ಕಿತಾ ಅಂತ ಕೇಳಿಸಿದೆ. ಉತ್ತರವೇ ಬರಲಿಲ್ಲವಂತೆ. ಈ ದೇಶಕ್ಕೆ ಹಡಗು ಹತ್ತಿದನಂತೆ. ಸಿಕ್ಕಿದ್ದರೆ ನಾನು ಈ ಮರ ನೆಡುತ್ತಿರಲಿಲ್ಲ ಅಂದ ಮುದುಕ.

ಮೊಮ್ಮಗಳು ಆ ನಕಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಮನೆಗೆ ಬರುವಾಗ ಬೇಲಿ ಹತ್ತಿರ ನಿಂತು ಕೇಳಿದಳು, "ತಾತ, ನೀನು ಎಷ್ಟು ಸಲ ಬರೆಸಿದೆ?" ಕನ್ನಡದಲ್ಲೇ ಕೇಳಿದಳು. ಲೆಕ್ಕ ಇಟ್ಟಿಲ್ಲ ಅಂದೆ. ರಾತ್ರಿ ಊಟಕ್ಕೆ ಕೂತಾಗ ಎರಡೂ ಅರ್ಜಿಗಳ ಕಥೆಯನ್ನು ತನ್ನ ಅಪ್ಪ ಅಮ್ಮನಿಗೂ ಹೇಳಿದಳು. ಬ್ರಿಸ್ಬೇನಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊನೆಯ ಸಲ ಅಂದಿದ್ದಳಲ್ಲ, ಅದರ ಇಂಟರ್‌ವ್ಯೂ ಹೋದ ವಾರ ಇತ್ತು. ಹೊರಡುವಾಗ ಬಕೆಟ್ಟಿನಿಂದ ಒಂದು ನಿಂಬೆಹಣ್ಣು ತೆಗೆದು, ಒರೆಸಿ, ಬ್ಯಾಗಿಗೆ ಹಾಕಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಕೊಡೋಕಲ್ಲ ತಾತ," ಅಂದಳು. "ಜಸ್ಟ್ ಇಟ್ಕೊಳ್ಳೋಕೆ."

ಅವಳು ಬರುವವರೆಗೆ ನಾನು ಒಳಗೆ ಹೊರಗೆ ತಿರುಗಿದೆ. ಬಂದವಳು ಹಣ್ಣನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಳು. ಹೇಗಾಯ್ತು ಅಂತ ಮಗಳು ಕೇಳಿದ್ದಕ್ಕೆ, "ಪರಿಶೀಲನೆಯಲ್ಲಿದೆ," ಅಂದಳು. ಆ ಮಾತು ಅವಳ ಅಜ್ಜಿಯದು. ಅಜ್ಜಿಯನ್ನು ಅವಳು ನೋಡಿದ್ದು ಚಿಕ್ಕಂದಿನಲ್ಲಿ, ಊರಿಗೆ ಬಂದಾಗ, ಎರಡೋ ಮೂರೋ ಸಲ.

ನಿನ್ನೆ ಸುದ್ದಿ ಬಂತು. ಮೊದಲು ನಾನು ಬೇಲಿ ಹತ್ತಿರ ಓಡಿ, ಪರ್ಮನೆಂಟ್ ಅಂತ ಕೂಗಿದೆ. ಮುದುಕ ಹೋಸ್ ಪೈಪ್ ಕೈಬಿಟ್ಟು ಎರಡೂ ಕೈ ಮೇಲೆತ್ತಿದ, ನೀರು ಅವನ ಚಪ್ಪಲಿ ಮೇಲೆಲ್ಲ ಹರಿಯಿತು. ಆಮೇಲೆ ಒಳಗೆ ಬಂದು ನಮ್ಮವಳ ಫೋಟೋ ಮುಂದೆ ನಿಂತೆ. ಅವಳು "ಆಯ್ತಾ?" ಅನ್ನುತ್ತಿದ್ದ ಬಾಗಿಲು ಈಗ ಯಾರದೋ ಮನೆಯ ಬಾಗಿಲು. "ಆಯ್ತು ಕಣೇ," ಅಂದೆ. ಎಷ್ಟು ತಡವಾಗಿ ಅಂದೆ. ದೀಪ ಹಚ್ಚಿದೆ. ಎಷ್ಟೋ ಸಾಹೇಬರಿಗೆ ಅವರ ಹೆಸರಿನಲ್ಲಿ ದೀಪ ಹಚ್ಚುತ್ತೇನೆ ಅಂತ ಬರೆಸಿಕೊಟ್ಟಿದ್ದೆ. ಇದು ಅವರ್ಯಾರ ಹೆಸರಿನಲ್ಲೂ ಅಲ್ಲ. ಈ ದೇಶದವರ ಹೆಸರಿನಲ್ಲೂ ಅಲ್ಲ. ಹುಡುಗಿ ಮೂರು ಊರು ತಿರುಗಿ, ಪೆಟ್ರೋಲು ಹಾಕಿ, ದುಡಿದು ತೆಗೆದುಕೊಂಡದ್ದು. ಕೊಟ್ಟವರು ಯಾರೂ ಇಲ್ಲ ಇದರಲ್ಲಿ. ಆಯಸ್ಸೆಲ್ಲ ಕೃಪೆ ಬೇಡಿದವನಿಗೆ ಇದನ್ನು ಬರೆಯುವಾಗ ಬಾಯಿ ಕಹಿಯಾಗುತ್ತದೆ, ಆದರೂ ಬರೆಯುತ್ತೇನೆ.

ನಾನೇ ಈ ದೇಶದಲ್ಲಿ ಖಾಯಂ ಅಲ್ಲ. ನನ್ನ ವೀಸಾದ ಅರ್ಜಿಯನ್ನು ಮಗಳು ಹಾಕಿ ಬಹಳ ಕಾಲವಾಯಿತು. ಏನಾಯಿತು ಅಂತ ಕೇಳಿದರೆ ಇಲ್ಲಿಯ ಗುಮಾಸ್ತರೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾರಂತೆ. ಹೇಳಲಿ. ಕಾಯುವುದು ನನಗೆ ಹೊಸದಲ್ಲ.

ನಿನ್ನೆ ರಾತ್ರಿ ಊಟಕ್ಕೆ ಚಿತ್ರಾನ್ನ ಮಾಡುತ್ತೇನೆ ಅಂತ ಮಗಳು ಒಗ್ಗರಣೆ ಹಾಕಿದಳು. ಕಡಲೆಬೇಳೆ, ಕಡಲೆಬೀಜ, ಕರಿಬೇವು. ಹುಳಿಗೆ ಹಣ್ಣು ಕೊಡಿ ಅಪ್ಪ ಅಂದಳು. ಕಟ್ಟೆಯ ಮೇಲೆ ಮೊಮ್ಮಗಳ ಬ್ಯಾಗಿನಲ್ಲಿ ಹೋಗಿ ಬಂದ ಹಣ್ಣಿತ್ತು. ಅದನ್ನು ಯಾರಿಗೂ ಕೊಟ್ಟಿದ್ದಿಲ್ಲವಲ್ಲ, ಮನೆಯವರು ತಿನ್ನಬಹುದು. ನಾನೇ ಹೆಚ್ಚಿ ಹಿಂಡಿದೆ. ಕೊನೆಯ ಹನಿಯವರೆಗೂ ಹಿಂಡಿದೆ.

ಅಳಿಯ ಫ್ಯಾಕ್ಟರಿಯಿಂದ ಬೇಗ ಬಂದಿದ್ದ. ನಾಲ್ಕೂ ಜನ ಒಟ್ಟಿಗೆ ಕೂತೆವು. ಬಡಿಸುವ ಕೆಲಸ ಮೊಮ್ಮಗಳೇ ಹಿಡಿದಳು. ಅಳಿಯನ ತಟ್ಟೆ ಬೇಗ ಖಾಲಿಯಾಯಿತು. ಅವನು ಕೈ ಜೋಡಿಸಿ ಸೊಂಟ ಬಗ್ಗಿಸಿ, "ಬುದ್ಧೀ, ಬಡವ, ಇನ್ನೊಂದು ಸೌಟು," ಅಂದ.

ಮೊಮ್ಮಗಳು ಸೌಟು ಮೇಲೆತ್ತಿಕೊಂಡು, "ಮಕ್ಕಳೆಷ್ಟು?" ಅಂದಳು.

"ಏಳು," ಅಂದ ಅಳಿಯ.

ಅವಳು ನಗುತ್ತಾ ಅವನಿಗೂ ಹಾಕಿದಳು, ಕೇಳದಿದ್ದರೂ ನನ್ನ ತಟ್ಟೆಗೂ ಹಾಕಿದಳು. ಹುಳಿ ಸ್ವಲ್ಪ ಹೆಚ್ಚಾಗಿತ್ತು. ಆದರೂ ಪಾತ್ರೆ ಬರಿದಾಗುವವರೆಗೆ ತಿಂದೆವು.